ಹೆಬ್ಬೆಟ್ಟು ಮೂಡದ ಕೈ

ಯಂತ್ರದ ಗಾಜಿನ ಮೇಲೆ ನಾಲ್ಕು ಸಲ ಹೆಬ್ಬೆರಳಿಟ್ಟೆ, ನಾಲ್ಕು ಸಲವೂ ಕೆಂಪು ದೀಪ ಬಂತು. ಸೇವಾ ಕೇಂದ್ರದ ಹುಡುಗ "ಅಜ್ಜಿ, ಸೆರಗಿಗೆ ಒರೆಸಿಕೊಂಡು ಇನ್ನೊಮ್ಮೆ ಇಡಿ" ಎಂದ. ಒರೆಸಿಕೊಂಡೆ. ತೋರುಬೆರಳಿಟ್ಟೆ, ನಡುಬೆರಳಿಟ್ಟೆ, ಎಡಗೈಗೆ ಬಂದೆ. ಹತ್ತು ಬೆರಳೂ ಮುಗಿದವು. ಅವನು ಡ್ರಾಯರಿನಿಂದ ವ್ಯಾಸಲೀನ್ ಡಬ್ಬಿ ತೆಗೆದ. ಇಂಥ ಕೈಗಳಿಗೆಂದೇ ಇಟ್ಟುಕೊಂಡಿದ್ದಾನಂತೆ. "ಪಾತ್ರೆ ತಿಕ್ಕಿ ತಿಕ್ಕಿ ಸವೆದಿರುತ್ತವೆ ಅಜ್ಜಿ, ಬಹಳ ಹೆಂಗಸರದು ಹೀಗೆಯೇ" ಎಂದು ಸಮಾಧಾನವನ್ನೂ ಹೇಳಿದ.

ಪಾತ್ರೆಗೂ ನನಗೂ ಅಷ್ಟಕ್ಕಷ್ಟೆ. ನನ್ನ ತಮ್ಮನ ಹೆಂಡತಿಯನ್ನು ಕೇಳಿದರೆ ಇದನ್ನೇ ಇನ್ನೂ ಖಾರವಾಗಿ ಹೇಳುತ್ತಾಳೆ. ಬೆರಳಿನ ಗೆರೆಗಳು ಎಲ್ಲಿ ಹೋದವು ಎಂಬುದಕ್ಕೆ ನನ್ನ ಹತ್ತಿರ ಬೇರೆ ಲೆಕ್ಕವಿದೆ. ವಯಸ್ಸು ಎಪ್ಪತ್ತೆಂಟು, ಅದೂ ಒಂದು ಕಾರಣವೇ. ಉಳಿದದ್ದು ಕಾರ್ಬಾಲಿಕ್, ಲೈಸಾಲ್, ಸ್ಪಿರಿಟ್, ಬಿಸಿನೀರು, ಒರಟು ಬ್ರಷ್ಷು. ಮೊಣಕೈವರೆಗೆ ಬ್ರಷ್ಷಿನಿಂದ ಉಜ್ಜಿ ತೊಳೆಯುವುದು ದಿನಕ್ಕೆ ಎಷ್ಟು ಸಲವೋ, ಎಣಿಸಿದವರಾರು? ಹೀಗೆ ಮೂವತ್ತು ವರ್ಷ. ಇದನ್ನೆಲ್ಲ ಹುಡುಗನಿಗೆ ಹೇಳಲಿಲ್ಲ. ನನ್ನ ಹಿಂದೆ ಇನ್ನೂ ಏಳೆಂಟು ಜನರಿದ್ದರು.

ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆಂದು ಸರ್ಕಾರಕ್ಕೆ ತೋರಿಸಬೇಕು. ಮೊದಲು ಅದೊಂದು ಕೆಲಸವೇ ಆಗಿರಲಿಲ್ಲ. ಬ್ಯಾಂಕಿಗೆ ಹೋದರೆ ಮ್ಯಾನೇಜರು ಮುಖ ನೋಡಿ, ಊರಿನ ಮಳೆ ಬೆಳೆ ವಿಚಾರಿಸಿ, ಚೀಟಿಗೆ ಸಹಿ ಹಾಕುತ್ತಿದ್ದರು. 2014ರ ನವೆಂಬರಿನಲ್ಲಿ ಜೀವನ್ ಪ್ರಮಾಣ್ ಬಂತು. ಆಧಾರಿನಲ್ಲಿರುವ ಬೆರಳಚ್ಚಿಗೆ ನಿಮ್ಮದು ತಾಳೆಯಾದರೆ ಬದುಕಿದ್ದೀರಿ ಎಂದು ಲೆಕ್ಕ. ಆಮೇಲೆ ಸೇನೆಯ ಪಿಂಚಣಿಗಳು ಬ್ಯಾಂಕಿನ ಕೈಯಿಂದ ಸ್ಪರ್ಶ್ ಎಂಬ ವ್ಯವಸ್ಥೆಗೆ ಹೋದವು. ಅದರ ಲೆಕ್ಕಪತ್ರವೆಲ್ಲ ಪ್ರಯಾಗ್‌ರಾಜ್‌ನಲ್ಲಿ. ಹೆಸರೇನೋ ಸ್ಪರ್ಶ್, ನನ್ನ ಬೆರಳು ಮಾತ್ರ ಅದಕ್ಕೆ ತಾಕುವುದಿಲ್ಲ.

ಬೆರಳಿಗೆ ಮೊದಲು ಅರ್ಜಿಯದೇ ಒಂದು ಕಥೆಯಾಗಿತ್ತು. ಪಿಂಚಣಿ ಸಂಖ್ಯೆ ಹೇಳುವಷ್ಟರಲ್ಲಿ ಹುಡುಗ 'ಕುಟುಂಬ ಪಿಂಚಣಿ' ಎಂಬ ಜಾಗ ಒತ್ತಿಬಿಟ್ಟಿದ್ದ.

"ಯಜಮಾನರು ಯಾವ ರೆಜಿಮೆಂಟಿನಲ್ಲಿದ್ದರು ಅಜ್ಜಿ?"

"ಯಜಮಾನರಿಲ್ಲ ತಮ್ಮಾ. ಪಿಂಚಣಿ ನನ್ನದೇ."

"ಅಂದರೆ ನೀವೇ ಮಿಲಿಟರಿಯಲ್ಲಿದ್ದಿರಾ?"

"ನರ್ಸಿಂಗ್ ಸರ್ವಿಸ್‌ನಲ್ಲಿದ್ದೆ. ಲೆಫ್ಟಿನೆಂಟ್ ಕರ್ನಲ್ ಎಂದು ಹಾಕು."

ಅವನು ನನ್ನನ್ನೊಮ್ಮೆ, ಜೊತೆಗೆ ಬಂದಿದ್ದ ತಮ್ಮನ ಮೊಮ್ಮಗಳನ್ನೊಮ್ಮೆ ನೋಡಿದ. ಅಜ್ಜಿಗೆ ಮರೆವು ಇರಬಹುದೇ ಎಂಬ ಅನುಮಾನ ಕಣ್ಣಿನಲ್ಲಿತ್ತು. ಅವಳು ಹೌದೆಂದು ತಲೆಯಾಡಿಸಿದ ಮೇಲೆ ಒತ್ತಿದ್ದನ್ನು ಅಳಿಸಿದ.

ಅವನನ್ನು ಬಯ್ಯುವಂತಿಲ್ಲ. ಸೇನೆಯ ನರ್ಸ್ ಎಂದರೆ ಅಧಿಕಾರಿ ಎಂಬುದು ನಮ್ಮ ಕಡೆ ಓದಿಕೊಂಡವರಿಗೂ ಗೊತ್ತಿಲ್ಲ. 1888ರ ಮಾರ್ಚಿನಲ್ಲಿ ಹತ್ತು ಮಂದಿ ಬ್ರಿಟಿಷ್ ನರ್ಸುಗಳು ಮುಂಬಯಿಯಲ್ಲಿ ಹಡಗಿನಿಂದ ಇಳಿದರು, ನಮ್ಮ ಸೇವೆಯ ಮೂಲ ಅಲ್ಲಿದೆ. 1926ರಲ್ಲಿ ಅದು ಭಾರತೀಯ ಮಿಲಿಟರಿ ನರ್ಸಿಂಗ್ ಸರ್ವಿಸ್ ಆಯಿತು. ಎರಡನೆಯ ಮಹಾಯುದ್ಧದ ನಡುವೆ, 1943ರ ಸುಗ್ರೀವಾಜ್ಞೆಯಿಂದ ನರ್ಸುಗಳು ಕಮಿಷನ್ ಪಡೆದ ಅಧಿಕಾರಿಗಳಾದರು. ನಾನು 1970ರಲ್ಲಿ ಸೇರಿದಾಗ ಹೆಗಲಿಗೆ ಎರಡು ನಕ್ಷತ್ರ ಬಿದ್ದವು. 1976ರಲ್ಲಿ ಮೇಜರ್ ಜನರಲ್ ಆದ ಮೊದಲ ಭಾರತೀಯ ಮಹಿಳೆ ಗರ್ಟ್ರೂಡ್ ಆಲಿಸ್ ರಾಮ್ ಕೂಡ ನಮ್ಮ ಸೇವೆಯವರೇ.

ಮುಂದಿನ ಪ್ರಶ್ನೆಗೆ ಹುಡುಗ ತಾನೇ ನಾಚಿಕೊಂಡ. "ಮರುಮದುವೆ ಆಗಿದ್ದೀರಾ ಎಂದು ಕೇಳುತ್ತಿದೆ ಅಜ್ಜಿ. ನಾನಲ್ಲ, ಕಂಪ್ಯೂಟರ್." ಮೊದಲನೆಯದೇ ಆಗಿಲ್ಲ ಎಂದೆ. ಸಾಲಿನಲ್ಲಿದ್ದವರು ನಕ್ಕರು, ನಾನೂ ನಕ್ಕೆ. ನನ್ನ ಮದುವೆ ಯಾಕಾಗಲಿಲ್ಲ ಎಂಬ ಪ್ರಶ್ನೆ ಬೀದಿಯವರಿಗೆ ಐವತ್ತು ವರ್ಷದಿಂದ ಇದೆ, ನನಗೆ ಅಷ್ಟಾಗಿ ಕಾಡಿದ್ದಲ್ಲ. ಆದರೆ ಓದುವವರಿಗೆ ತಿಳಿದಿರಲಿ ಎಂದು ಒಂದು ಮಾತು: ನಮ್ಮ ಸೇವೆಗೆ ಸಂಬಂಧಿಸಿದ 1977ರ ಸೇನಾ ಆದೇಶವೊಂದರಲ್ಲಿ, ಮದುವೆಯಾದರೆ ಕೆಲಸದಿಂದ ಬಿಡುಗಡೆ ಮಾಡಬಹುದೆಂಬ ನಿಯಮವಿತ್ತು. ಅದನ್ನು ಹಿಂತೆಗೆದುಕೊಂಡದ್ದು 1995ರಲ್ಲಿ. ಹಾಗೆ 1988ರಲ್ಲಿ ಹೊರಬಿದ್ದ ಅಧಿಕಾರಿಯೊಬ್ಬರು ಪಟ್ಟು ಬಿಡದೆ ಹೋರಾಡಿದರು. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವನ್ನು ಲಿಂಗ ತಾರತಮ್ಯವೆಂದು ಕರೆದು ಅವರಿಗೆ 60 ಲಕ್ಷ ರೂಪಾಯಿ ಕೊಡಿಸಿತು. ಪತ್ರಿಕೆಯಲ್ಲಿ ಅದನ್ನು ಓದಿದ ದಿನ ನಾನು ಎರಡು ಸಲ ಕಾಫಿ ಕುಡಿದೆ.

ವಿಳಾಸದ್ದೂ ತಕರಾರಿತ್ತು. ಹಳೆಯ ಕಾಗದದಲ್ಲಿ ನನ್ನ ಊರು 'ದಾವಣಗೆರೆ, ಚಿತ್ರದುರ್ಗ ಜಿಲ್ಲೆ, ಮೈಸೂರು ರಾಜ್ಯ'. ಆಧಾರಿನಲ್ಲಿ 'ದಾವಣಗೆರೆ ಜಿಲ್ಲೆ, ಕರ್ನಾಟಕ'. 1973ರಲ್ಲಿ ರಾಜ್ಯದ ಹೆಸರು ಬದಲಾಯಿತು, 1997ರಲ್ಲಿ ಜಿಲ್ಲೆಯೂ ಬೇರೆಯಾಯಿತು. ಮನೆ ಮಾತ್ರ ಅಪ್ಪ ಕಟ್ಟಿಸಿದ ಜಾಗದಲ್ಲಿಯೇ ಇದೆ. ಎರಡೂ ಒಂದೇ ಊರು ಎಂದು ಕಾಗದದ ಮೇಲೆ ಸಾಧಿಸುವುದಕ್ಕೆ ಹಿಂದಿನ ವರ್ಷ ಮೂರು ತಿಂಗಳು ಹಿಡಿದಿತ್ತು.

ಅಪ್ಪ ಹೆಬ್ಬೆಟ್ಟಿನವನು. ಇಲ್ಲಿಯ ಹತ್ತಿ ಗಿರಣಿಯೊಂದರಲ್ಲಿ ನೂಲುವ ವಿಭಾಗದಲ್ಲಿ ಕೆಲಸ. ಮನೆಗೆ ಬಂದಾಗ ಹುಬ್ಬು, ಕಿವಿ, ತೋಳಿನ ಕೂದಲಿನ ಮೇಲೆಲ್ಲ ಹತ್ತಿಯ ಎಳೆ ಕೂತಿರುತ್ತಿತ್ತು. ನಮ್ಮ ಓಣಿಯ ಗಡಿಯಾರವೂ ಗಿರಣಿಯೇ. ಸೈರನ್ ಕೂಗಿದರೆ ಅವ್ವ ಒಲೆ ಹಚ್ಚುವಳು, ಮತ್ತೊಂದು ಸಲ ಕೂಗಿದರೆ ಅಪ್ಪನಿಗೆ ತಟ್ಟೆ ಹಾಕುವಳು. 1965ರಲ್ಲಿ ನಾನು ನರ್ಸಿಂಗ್ ತರಬೇತಿಗೆ ಬೆಂಗಳೂರಿಗೆ ಹೊರಟಾಗ ಓಣಿಯ ಹೆಂಗಸರು ಅವ್ವನನ್ನು ಸುತ್ತಿಕೊಂಡು, ಗಂಡಸರ ಮೈ ಮುಟ್ಟುವ ಕೆಲಸಕ್ಕೆ ಮಗಳನ್ನು ಕಳಿಸುತ್ತೀಯಾ ಎಂದು ಕೇಳಿದ್ದರು. ಅವ್ವ ಹಿಂಜರಿದಳು. ಅಪ್ಪ ಹಿಂಜರಿಯಲಿಲ್ಲ. ಪೋಷಕರ ಒಪ್ಪಿಗೆಯ ಜಾಗದಲ್ಲಿ ಎಡಗೈ ಹೆಬ್ಬೆಟ್ಟನ್ನು ಇಂಕಿನ ಪ್ಯಾಡಿಗೆ ಒತ್ತಿ, ಕಾಗದದ ಮೇಲೆ ನಿಧಾನವಾಗಿ ಹೊರಳಿಸಿದ. ಗೆರೆಗೆರೆಯೂ ಮೂಡಿತ್ತು. ಓದು ಬಾರದ ಅಪ್ಪನ ಗುರುತನ್ನು ಸರ್ಕಾರ ಒಂದೇ ಸಲಕ್ಕೆ ಒಪ್ಪಿಕೊಂಡಿತು. ಮೂರು ಭಾಷೆಯಲ್ಲಿ ಸಹಿ ಹಾಕುವ ಅವನ ಮಗಳದ್ದು ವ್ಯಾಸಲೀನ್ ಹಚ್ಚಿದರೂ ಮೂಡುತ್ತಿಲ್ಲ.

1971ರಲ್ಲಿ ನಾನು ಪಠಾಣ್‌ಕೋಟ್ ಕಡೆಯ ಸೈನಿಕ ಆಸ್ಪತ್ರೆಯೊಂದರಲ್ಲಿದ್ದೆ. ಡಿಸೆಂಬರ್ 3, ಶುಕ್ರವಾರ. ಸಂಜೆ ಐದೂ ಮುಕ್ಕಾಲರ ಸುಮಾರಿಗೆ ಸೈರನ್ ಕೂಗಿತು. ಕೈಯಲ್ಲಿ ಔಷಧದ ಟ್ರೇ ಇತ್ತು. ಆಗ ನನ್ನ ಮನಸ್ಸಿಗೆ ಬಂದದ್ದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ: ಪಾಳಿ ಮುಗಿಯಿತು, ಅಪ್ಪ ಬರುತ್ತಾನೆ. ಮರುಕ್ಷಣವೇ ವಾಯುನೆಲೆಯ ಕಡೆಯಿಂದ ನೆಲ ಅದುರುವ ಸದ್ದು ಬಂತು, ಕಿಟಕಿಯ ಗಾಜು ಗದಗುಟ್ಟಿತು. ನಡುರಾತ್ರಿ ಕಳೆದ ಮೇಲೆ ರೇಡಿಯೊದಲ್ಲಿ ಇಂದಿರಾ ಗಾಂಧಿ ಮಾತನಾಡಿದರು. ಅಷ್ಟು ಹೊತ್ತಿಗೆ ನಾವು ಕಿಟಕಿಗಳಿಗೆಲ್ಲ ಕಂಬಳಿ ಹೊಡೆದು, ಟಾರ್ಚುಗಳ ಬಾಯಿಗೆ ಕಂದು ಕಾಗದ ಕಟ್ಟಿ, ನಡೆಯಬಲ್ಲ ರೋಗಿಗಳನ್ನೆಲ್ಲ ಬಿಡುಗಡೆ ಮಾಡಿ ಮಂಚ ಖಾಲಿ ಮಾಡಿಕೊಂಡಿದ್ದೆವು.

ಯುದ್ಧದ ನರ್ಸ್ ಎಂದರೆ ಜನರ ಕಣ್ಣ ಮುಂದೆ ಒಂದು ಚಿತ್ರವಿದೆ. ಬಿಳಿ ಬಟ್ಟೆ, ಹಣೆಯ ಮೇಲೆ ತಂಪಾದ ಕೈ, ಕಣ್ಣಿನಲ್ಲಿ ನೀರು. ನನಗೆ ನೆನಪಿರುವುದು ಎಣಿಕೆ. ಸಿರಿಂಜುಗಳು ಆಗ ಗಾಜಿನವು. ಕುದಿಸಬೇಕು, ಪಿಸ್ಟನ್ನಿಗೂ ಕೊಳವೆಗೂ ಜೋಡಿ ತಪ್ಪದಂತೆ ಎತ್ತಿಡಬೇಕು. ಸೂಜಿ ಮೊಂಡಾದರೆ ಸಾಣೆಕಲ್ಲಿಗೆ ತಿಕ್ಕಬೇಕು, ಹತ್ತಿಯ ಮೇಲೆ ಎಳೆದು ತುದಿ ಸಿಕ್ಕಿಕೊಳ್ಳುತ್ತದೆಯೇ ಎಂದು ನೋಡಬೇಕು. ರಬ್ಬರ್ ಕೈಗವಸುಗಳನ್ನು ತೊಳೆದು, ಗಾಳಿ ತುಂಬಿ ತೂತು ಹುಡುಕಿ, ಒಣಗಿಸಿ, ಪೌಡರ್ ಹಚ್ಚಿ ಮತ್ತೆ ಡ್ರಮ್ಮಿಗೆ ತುಂಬಬೇಕು. ಗಾಯಕ್ಕೆ ಇಡುವ ಬಟ್ಟೆಯ ಅಂಚನ್ನು ಒಳಕ್ಕೆ ಮಡಚಬೇಕು, ಒಂದು ನೂಲೆಳೆಯೂ ಗಾಯದಲ್ಲಿ ಉಳಿಯಕೂಡದು. ನೂಲಿನ ವಿಷಯದಲ್ಲಿ ನನ್ನನ್ನು ಯಾರೂ ಮೀರಿಸುತ್ತಿರಲಿಲ್ಲ, ಗಿರಣಿಯವನ ಮಗಳು. ಪ್ಲಾಸ್ಟರ್ ಪುಡಿಯನ್ನು ಬಟ್ಟೆಗೆ ಉಜ್ಜಿ ಸುರುಳಿ ಸುತ್ತುವುದೂ ನಮ್ಮದೇ ಕೆಲಸ. ರಾತ್ರಿ ಪಾಳಿ ಮುಗಿಯುವಾಗ ಉಗುರಿನ ಸುತ್ತ ಸುಣ್ಣ ಬಳಿದಂತೆ ಬಿರಿದಿರುತ್ತಿತ್ತು.

ಮೊದಲ ವಾರ ಬಂದವರು ಹೆಚ್ಚಾಗಿ ಬಾಂಬಿನ ಚೂರು ತಗುಲಿದವರು. ಆಮೇಲೆ ಗಡಿಯಾಚೆ ಪಾಕಿಸ್ತಾನದ ಶಕರ್‌ಗಢ ಕಡೆಯಿಂದ ನೆಲಬಾಂಬಿನವರು ಬರತೊಡಗಿದರು. ಸ್ಟ್ರೆಚರ್ ಇಳಿದ ಕೂಡಲೇ ನೋಡುವುದು ಹಣೆಯನ್ನು. ಕದನದ ಹತ್ತಿರದ ಠಾಣೆಯಲ್ಲಿ ನೋವಿಗೆ ಮಾರ್ಫಿನ್ ಕೊಟ್ಟಿದ್ದರೆ ಹಣೆಯ ಮೇಲೆ 'ಎಂ' ಎಂದು, ಕೊಟ್ಟದ್ದು ಎಷ್ಟು ಗಂಟೆಗೆ ಎಂದು ಬರೆದಿರುತ್ತಿದ್ದರು. ಚಳಿಗೆ ಮೈ ತಣ್ಣಗಾದವನಲ್ಲಿ ಔಷಧ ತಡವಾಗಿ ಏರುತ್ತದೆ. ನೋವು ಇಳಿದಿಲ್ಲವೆಂದು ಇನ್ನೊಂದು ಸೂಜಿ ಚುಚ್ಚಿದರೆ, ಮೈ ಬೆಚ್ಚಗಾದಾಗ ಎರಡೂ ಒಟ್ಟಿಗೆ ಏರಿ ಉಸಿರೇ ನಿಲ್ಲಬಹುದು. ಆ ಒಂದು ಅಕ್ಷರ ಓದದೆ ಕೈ ಎತ್ತಕೂಡದು.

ಯುದ್ಧದ ಗಾಯವನ್ನು ಅಂದೇ ಹೊಲಿಯುವುದಿಲ್ಲ. ಊರಿನಲ್ಲಿ ಇದನ್ನು ಹೇಳಿದರೆ ಈಗಲೂ ನಂಬುವುದಿಲ್ಲ. ನೆಲಬಾಂಬು ಪಾದವನ್ನು ಒಯ್ಯುವುದಲ್ಲದೆ ಮಣ್ಣು, ಹುಲ್ಲು, ಕಾಲುಚೀಲದ ಉಣ್ಣೆ, ಬೂಟಿನ ಚರ್ಮವನ್ನು ಮಾಂಸದೊಳಗೆ ಮೇಲಕ್ಕೆ ಹೊಡೆಯುತ್ತದೆ. ಸತ್ತ ಮಾಂಸವನ್ನು ಕತ್ತರಿಸಿ, ತೊಳೆದು, ಗಾಯವನ್ನು ಬಾಯಿ ತೆರೆದಂತೆಯೇ ಬಿಟ್ಟು ಕಟ್ಟುತ್ತಾರೆ. ನಾಲ್ಕೈದು ದಿನ ಕಳೆದು, ಒಳಗೆ ಕೆಂಪಾಗಿ ಶುಭ್ರವಾಗಿದ್ದರೆ ಆಗ ಹೊಲಿಗೆ. ಅವಸರಕ್ಕೆ ಮುಚ್ಚಿದರೆ ಒಳಗೆ ಗಾಳಿಯಿಲ್ಲದೆ ಬೆಳೆಯುವ ಕ್ರಿಮಿ ಕಾಲನ್ನೂ ತಿನ್ನುತ್ತದೆ, ಆಳನ್ನೂ ತಿನ್ನುತ್ತದೆ. ಗ್ಯಾಸ್ ಗ್ಯಾಂಗ್ರೀನ್ ಎಂದು ಹೆಸರು.

ಆ ನಾಲ್ಕೈದು ದಿನ ಕಾವಲು ಕೂರುವುದು ನರ್ಸು. ಕಟ್ಟು ಬಿಚ್ಚುವ ಮೊದಲೇ ಮೂಗಿಗೆ ಸುದ್ದಿ ಸಿಗುತ್ತದೆ, ಕೊಳೆತ ಸಿಹಿಯಂಥ ವಾಸನೆ. ಆಮೇಲೆ ಬೆರಳು. ಗಾಯದ ಸುತ್ತಲಿನ ಚರ್ಮವನ್ನು ತುದಿಬೆರಳಿನಿಂದ ಮೆಲ್ಲಗೆ ಒತ್ತುತ್ತ ಬರಬೇಕು. ಒಳಗೆ ಗಾಳಿಗುಳ್ಳೆ ಸೇರಿದ್ದರೆ ಬೆರಳಿನ ಕೆಳಗೆ ಚರಚರ ಎನ್ನುತ್ತದೆ. ಪುಸ್ತಕದಲ್ಲಿ ಅದಕ್ಕೊಂದು ಲ್ಯಾಟಿನ್ ಹೆಸರಿದೆ. ನನಗೆ ಹೊಳೆದದ್ದು ಮಂಡಕ್ಕಿ. ತೆಳುಬಟ್ಟೆಯ ಚೀಲದಲ್ಲಿ ಮಂಡಕ್ಕಿ ತುಂಬಿ ಮೇಲಿನಿಂದ ಒತ್ತಿದರೆ ಹೇಗಿರುತ್ತದೋ ಥೇಟ್ ಹಾಗೆಯೇ. ದಾವಣಗೆರೆಯಲ್ಲಿ ಹುಟ್ಟಿದವಳಿಗೆ ಆ ಸದ್ದು ತಪ್ಪುವುದುಂಟೆ? ಒಂದು ರಾತ್ರಿ ಒಬ್ಬನ ತೊಡೆಯಲ್ಲಿ ಅದು ಸಿಕ್ಕಿತು. ಮೇಲಕ್ಕೆ ಎಷ್ಟು ದೂರ ಏರಿದೆ ಎಂದು ಪೆನ್ನಿನಿಂದ ಗೆರೆ ಎಳೆದು, ಸರ್ಜನ್ನರನ್ನು ಎಬ್ಬಿಸಲು ಓಡಿದೆ. ಅವರು ಬರುವಷ್ಟರಲ್ಲಿ ಸದ್ದು ಗೆರೆಯನ್ನು ಎರಡು ಬೆರಳು ದಾಟಿತ್ತು. ಅವನ ಹೆಸರು ನೆನಪಿಲ್ಲ. ಮಂಚದ ಸಂಖ್ಯೆ ನೆನಪಿದೆ, ಹದಿನಾಲ್ಕು. ಅವನು ಉಳಿದ. ಕಾಲು ಉಳಿಯಲಿಲ್ಲ.

ಬೂಟಿನ ಹುಡುಗನನ್ನು ಮಾತ್ರ ಹೆಸರು ಸಮೇತ ನೆನಪಿಟ್ಟುಕೊಂಡಿದ್ದೇನೆ, ಇಲ್ಲಿ ಬರೆಯುವುದಿಲ್ಲ. ಮದ್ರಾಸ್ ಸ್ಯಾಪರ್ಸ್‌ನವನು. ನೆಲಬಾಂಬುಗಳ ನಡುವೆ ಟ್ಯಾಂಕುಗಳಿಗೆ ದಾರಿ ಮಾಡುವುದು ಸ್ಯಾಪರ್‌ಗಳ ಕೆಲಸ. ಎಡ ಪಾದ ಹೋಗಿತ್ತು. ಅರಿವಳಿಕೆ ಇಳಿಯುವಾಗ ಎಲ್ಲರೂ ತಾಯಿಯನ್ನು ಕರೆಯುತ್ತಾರೆ, ಅದು ಹೊಸದಲ್ಲ. ಇವನು "ಅವ್ವಾ" ಎಂದ. ಟಾರ್ಚು ಹಿಡಿದು ಬೇರೆ ಮಂಚದ ಹತ್ತಿರ ಹೋಗುತ್ತಿದ್ದವಳು ಅಲ್ಲಿಯೇ ನಿಂತೆ.

"ಯಾವ ಊರಪ್ಪಾ ನಿನ್ನದು?"

ಕಣ್ಣು ಬಿಡದೆಯೇ "ಹೊಳಲ್ಕೆರೆ ಹತ್ತಿರ" ಎಂದ. ನಾನು ದಾವಣಗೆರೆಯವಳು ಎಂದೆ. ನಂಬಲಿಲ್ಲವೆಂದು ಕಾಣುತ್ತದೆ, ಮತ್ತೆ ನಿದ್ದೆ ಹೋದ. ಬೆಳಿಗ್ಗೆ ಎಚ್ಚರವಾದಾಗ ಮೊದಲು ಕೇಳಿದ್ದು, "ರಾತ್ರಿ ಕನ್ನಡ ಮಾತನಾಡಿದ್ದು ನೀವೇನಾ ಅಕ್ಕಾ?" ಇಡೀ ವಾರ್ಡಿಗೆ ನಾನು ಸಿಸ್ಟರ್. ಅವನೊಬ್ಬನಿಗೆ ಅಕ್ಕ.

ಗಾಯಾಳುವಿನ ಬಟ್ಟೆಬರೆಯನ್ನು ಪ್ಯಾಕ್ ಸ್ಟೋರಿಗೆ ಕೊಡುವಾಗ ಪಟ್ಟಿ ಮಾಡಬೇಕು. ನಾನು ಬರೆದೆ: ಅಂಗಿ 1, ಬೆಲ್ಟು 1, ಕೈಗಡಿಯಾರ 1, ಬೂಟು 1, ಬಲಗಾಲಿನದು. ಸ್ಟೋರಿನ ಹವಾಲ್ದಾರ್ ಪಟ್ಟಿಯನ್ನು ವಾಪಸ್ ಕಳಿಸಿದ. ಬೂಟನ್ನು ಜೋಡಿ ಲೆಕ್ಕದಲ್ಲಿಯೇ ಬರೆಯಬೇಕಂತೆ, ಒಂದು ಎಂದು ಬರೆಯಲು ಪುಸ್ತಕದಲ್ಲಿ ಜಾಗವಿಲ್ಲವಂತೆ. ನಾನು ಎರಡನೆಯ ಸಲವೂ 1 ಎಂದೇ ಬರೆದೆ. ಅವನೂ ಎರಡನೆಯ ಸಲ ಕಳಿಸಿದ. ಕೆಟ್ಟ ಮನುಷ್ಯನಲ್ಲ, ಹದಿನೈದು ದಿನದಿಂದ ನಿದ್ದೆಯಿಲ್ಲದವನು. ಕೊನೆಗೆ 'ಬೂಟು, ಅರ್ಧ ಜೋಡಿ' ಎಂದು ಬರೆದುಕೊಟ್ಟೆ. ಅದಕ್ಕೆ ಒಪ್ಪಿದ.

ಈ ಜಗಳ ಹುಡುಗನಿಗೆ ಕೇಳಿಸಿತ್ತು. "ಅಕ್ಕಾ, ಅದನ್ನು ಎಸೆಯಬೇಡಿ ಎಂದು ಹೇಳಿ. ಹೊಸದು, ನವೆಂಬರಿನಲ್ಲಿ ಕೊಟ್ಟಿದ್ದರು" ಎಂದ. ಇನ್ನೂ ಎರಡು ದಿನ ಕಳೆದ ಮೇಲೆ ಎಡ ಹೆಬ್ಬೆರಳು ಕಡಿಯುತ್ತದೆ ಎಂದ. ಇಲ್ಲದ ಹೆಬ್ಬೆರಳು. ಕಾಲು ಕಳೆದುಕೊಂಡ ಬಹಳ ಜನರಿಗೆ ಇದು ಆಗುತ್ತದೆ, ನರಗಳಿಗೆ ಸುದ್ದಿ ಇನ್ನೂ ಮುಟ್ಟಿರುವುದಿಲ್ಲ. ನಾನು ಅವನ ಬಲ ಹೆಬ್ಬೆರಳನ್ನು ಕೆರೆದೆ. ಸುಮ್ಮನೆ ಮಾಡಿದ್ದು, ಯಾವ ಪುಸ್ತಕದಲ್ಲಿಯೂ ಓದಿದ್ದಲ್ಲ. "ಸ್ವಲ್ಪ ಕಡಿಮೆಯಾಯಿತು" ಎಂದ. ನನ್ನ ಮರ್ಯಾದೆ ಉಳಿಸಲು ಹಾಗೆ ಹೇಳಿದನೋ ಏನೋ.

ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಶರಣಾಗತಿ, ಮರುದಿನ ರಾತ್ರಿ ಪಶ್ಚಿಮದಲ್ಲಿಯೂ ಕದನ ವಿರಾಮ. ಊರಿನಲ್ಲಿ ಪಟಾಕಿ ಹೊಡೆದರಂತೆ. ನಮ್ಮಲ್ಲಿ ಸ್ಟ್ರೆಚರುಗಳು ಇನ್ನೂ ಬರುತ್ತಿದ್ದವು. ಸ್ಯಾಪರ್ ಹುಡುಗನನ್ನು ಪುಣೆಯ ಕೃತಕ ಅಂಗ ಕೇಂದ್ರಕ್ಕೆ ಕಳಿಸಿದರು. ಹೋಗುವಾಗ ಅವನ ಚೀಲದಲ್ಲಿ ಆ ಬೂಟು ಇದೆಯೇ ಎಂದು ನಾನೇ ತೆಗೆದು ನೋಡಿ ಕಳಿಸಿದೆ. ಆಮೇಲೆ ಅವನ ಸುದ್ದಿಯಿಲ್ಲ. ನಿವೃತ್ತಿಯ ನಂತರ ಒಮ್ಮೆ ಹೊಳಲ್ಕೆರೆಯ ಬಸ್ ನಿಲ್ದಾಣದಲ್ಲಿ ಇಳಿದು, ಅಲ್ಲಿ ಓಡಾಡುವವರ ಕಾಲುಗಳನ್ನು ನೋಡುತ್ತ ಅರ್ಧ ಗಂಟೆ ಕೂತೆ. ಯಾರನ್ನೂ ಕೇಳಲಿಲ್ಲ. ಮುಂದಿನ ಬಸ್ಸಿಗೆ ಹತ್ತಿ ಚಿತ್ರದುರ್ಗಕ್ಕೆ ಹೋದೆ.

ಉಳಿದ ವರ್ಷಗಳನ್ನು ಎರಡು ಮಾತಿನಲ್ಲಿ ಮುಗಿಸಬಹುದು. ವರ್ಗಾವಣೆ, ಟ್ರಂಕು, ವರ್ಗಾವಣೆ. ಶಾಂತಿಕಾಲದ ಸೇನೆಯಲ್ಲಿ ಹೆರಿಗೆ, ಮಲೇರಿಯಾ, ಅಪೆಂಡಿಸೈಟಿಸ್. ಬಡ್ತಿ ಸಿಕ್ಕಂತೆಲ್ಲ ರೋಗಿಯಿಂದ ದೂರವಾಗಿ ಕಡತಕ್ಕೆ ಹತ್ತಿರವಾದೆ. 1999ರಲ್ಲಿ ಕಾರ್ಗಿಲ್‌ನ ಗಾಯಾಳುಗಳು ಬಂದಾಗ ನಾನು ಮೇಜಿನ ಹಿಂದೆ ಕೂತು ಪಾಳಿಯ ಪಟ್ಟಿ ಬರೆಯುತ್ತಿದ್ದೆ. ಹೊಸ ಹುಡುಗಿಯರು ಸಿರಿಂಜನ್ನು ಪೊಟ್ಟಣ ಹರಿದು ತೆಗೆದು, ಚುಚ್ಚಿ, ಎಸೆಯುತ್ತಿದ್ದರು. ಅವರ ಬೆರಳಚ್ಚು ಉಳಿಯುತ್ತದೆ ಎಂದು ಈಗ ಅನ್ನಿಸುತ್ತದೆ.

ಊರಿಗೆ ಬಂದ ಮೇಲೆ ಸನ್ಮಾನಗಳು ಶುರುವಾದವು. ನಮ್ಮ ಸೀಮೆಯಲ್ಲಿ ಹೆಂಗಸು ಮತ್ತು ಸೇನೆ ಎರಡೂ ಒಂದೇ ವಾಕ್ಯದಲ್ಲಿ ಬಂದರೆ ಭಾಷಣಕಾರರು ತಪ್ಪದೆ ಚಿತ್ರದುರ್ಗದ ಕೋಟೆ ಹತ್ತುತ್ತಾರೆ. 'ಆಧುನಿಕ ಓಬವ್ವ' ಎಂಬ ಬಿರುದು ನನಗೆ ಈವರೆಗೆ ಐದು ಸಲ ಸಿಕ್ಕಿದೆ. ಓಬವ್ವನ ಕಿಂಡಿಯ ಮುಂದೆ ನಿಂತು ನಾನೂ ಕೈ ಮುಗಿದಿದ್ದೇನೆ. ಆದರೆ ಆಕೆ ಒನಕೆ ಹಿಡಿದು ಬಂದವರ ತಲೆ ಒಡೆದಳು, ನನಗೆ ಸಂಬಳ ಕೊಟ್ಟದ್ದು ಒಡೆದ ತಲೆ ಹೊಲಿಸುವುದಕ್ಕೆ. ಇದನ್ನು ವೇದಿಕೆಯಲ್ಲಿಯೇ ಹೇಳಿದೆ, ಆ ಸಂಘದವರು ಮುಂದಿನ ವರ್ಷ ಕರೆಯಲಿಲ್ಲ. ಸೇವೆ, ತ್ಯಾಗ, ಮಾತೃಹೃದಯ ಎಂಬ ಮಾತುಗಳು ಶಾಲಿನ ಜೊತೆಗೇ ಬರುತ್ತವೆ. ಅಪ್ಪ ನೂಲು ತೆಗೆದದ್ದನ್ನು ಯಾರೂ ತ್ಯಾಗ ಎನ್ನಲಿಲ್ಲ. ಒಳ್ಳೆಯ ಕೆಲಸಗಾರ ಎಂದರು. ನನಗೂ ಅಷ್ಟೇ ಅಂದಿದ್ದರೆ ಸಾಕಾಗಿತ್ತು.

ಸೇವಾ ಕೇಂದ್ರಕ್ಕೆ ಮರಳುತ್ತೇನೆ. ವ್ಯಾಸಲೀನಿಗೂ ಬೆರಳು ಒಲಿಯದಿದ್ದಾಗ ಮೊಮ್ಮಗಳು ತನ್ನ ಮೊಬೈಲ್ ತೆಗೆದಳು. ಮುಖ ನೋಡಿ ಗುರುತಿಸುವ ವ್ಯವಸ್ಥೆ 2021ರಲ್ಲಿಯೇ ಬಂದಿದೆ, ಹುಡುಗನಿಗೂ ಗೊತ್ತಿತ್ತು. ಆದರೆ ಅವನ ಫೋನಿನ ಕ್ಯಾಮೆರಾ ಒಡೆದಿತ್ತು. ಬಾಗಿಲ ಬೆಳಕಿಗೆ ಮುಖ ಮಾಡಿ ಕೂತೆ. ಕನ್ನಡಕ ತೆಗೆಯಬೇಕು, ಅಲುಗಾಡಬಾರದು, ಕಣ್ಣು ಮಿಟುಕಿಸಬೇಕು. ಫೋಟೊ ಹಿಡಿದು ಮೋಸ ಮಾಡದಿರಲಿ ಎಂದು ಆ ಮಿಟುಕು. ಮುಚ್ಚಿ ತೆಗೆದೆ. ಟಾರ್ಚಿನ ಬೆಳಕಿನಲ್ಲಿ ಎಷ್ಟು ಜನರ ರೆಪ್ಪೆಯನ್ನು ಎತ್ತಿ ನೋಡಿದ್ದೇನೋ, ಈಗ ನನ್ನದು. ಎರಡನೆಯ ಸಲಕ್ಕೆ ಹಸಿರು ಬಂತು. ನಿಮಿಷದೊಳಗೆ ಸಂದೇಶವೂ ಬಂತು.

ನನ್ನ ನಂತರ ಕೂತವರು ಎಂಬತ್ತರ ಆಸುಪಾಸಿನವರು, ಗಿರಣಿಯಲ್ಲಿದ್ದವರು, ಪಿ.ಎಫ್. ಪಿಂಚಣಿಗೆ ಬಂದಿದ್ದರು. ಅವರದ್ದೂ ಕೆಂಪು, ಕೆಂಪು, ಕೆಂಪು. ಹುಡುಗ ಡ್ರಾಯರಿಗೆ ಕೈ ಹಾಕಿದ. ನಾನು ಅವನನ್ನು ತಡೆದು, ಮುದುಕರ ಕೈ ಹಿಡಿದು ನೋಡಿದೆ. ಗೆರೆಗಳು ಇದ್ದವು, ಕೈ ತಣ್ಣಗಿತ್ತು. ನರ ಸಿಗದ ಕೈಯನ್ನು ಹಿಂದೆ ಮಾಡುತ್ತಿದ್ದಂತೆ ಎರಡೂ ಅಂಗೈಯ ನಡುವೆ ಇಟ್ಟುಕೊಂಡು, ಮಣಿಕಟ್ಟಿನಿಂದ ತುದಿಯವರೆಗೆ ಉಜ್ಜಿದೆ.

"ಯಾವ ಪಾಳಿಯಲ್ಲಿದ್ದಿರಿ?" ಎಂದೆ.

"ಮೂರೂ ಪಾಳಿ ಮಾಡಿದ್ದೇನೆ ತಾಯಿ" ಎಂದರು.

ಒತ್ತಿ ಎಂದೆ. ಹಸಿರು ದೀಪ ಹತ್ತಿತು. ಹುಡುಗ ನನಗೆ ಕೊಡಬೇಕಾದ ಐವತ್ತು ರೂಪಾಯಿಗೆ ಚಿಲ್ಲರೆ ಹುಡುಕುತ್ತಿದ್ದ.